ಹಳದಿಯಾದುದೆಲ್ಲ ತೊಗರಿಯಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಈ ವರ್ಷ ಎಂಟನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಗುರುಗಳೇ, ಹಾಗಾದರೆ ಹಳದಿಯಾಗಿರುವುದೆಲ್ಲ ತೊಗರಿಬೇಳೆಯೇ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ. ಅದಕ್ಕೆ ಉತ್ತರವಾಗಿ ಈ ಲೇಖನ.

ಯೆಣೆಗೂರ, ಉಮರ್ಗಾ, ನಿಲಂಗಾ, ಉದಗೀರ ಈ ಸೀಮೆಯವರಾದ ನಮಗೆ ಜೋಳದ ರೊಟ್ಟಿಯೂ ಬೇಳೆಯೂ ನಿತ್ಯದ ಊಟ. ಈ ಜೋಡಿಯನ್ನು ನಮ್ಮ ಹಿರಿಯರು ಸುಮ್ಮನೆ ಕೂಡಿಸಲಿಲ್ಲ. ಮೈ ಬೆಳೆಯಲು ಬೇಕಾದ ಸಸಾರಜನಕವು ತೊಗರಿಬೇಳೆಯಲ್ಲಿ ನೂರಕ್ಕೆ ಸುಮಾರು 22 ಪಾಲು ಇರುತ್ತದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಮಾಂಸ, ಮೊಟ್ಟೆ ಕೊಳ್ಳಲಾರದ ಮನೆಗೆ ಬೇಳೆಯೇ ಬಲ. ಆದುದರಿಂದಲೇ ಬೇಳೆಯಲ್ಲಿ ಮೋಸವಾದರೆ ಮೊದಲು ಸೊರಗುವವರು ಬಡವರ ಮಕ್ಕಳು.

ತೊಗರಿ ಮತ್ತು ಕಡಲೆಯಲ್ಲಿ ಬೆರಸುವ ಅಗ್ಗದ ಕಾಳೊಂದಿದೆ. ಅದರ ಹೆಸರು ಕೇಸರಿ ಬೇಳೆ, ಮರಾಠಿಯಲ್ಲಿ ಲಾಖ. ಸಸಾರಜನಕ ಅದರಲ್ಲಿ ತೊಗರಿಗಿಂತಲೂ ಹೆಚ್ಚು. ಮಳೆ ಕೈಕೊಟ್ಟರೂ, ಹೊಲದಲ್ಲಿ ನೀರು ನಿಂತರೂ ಆ ಬೆಳೆ ಸಾಯುವುದಿಲ್ಲ. ಹಾಗಾದರೆ ದೋಷವೇನು?

ಸಾಗರ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಸ್ಲೀಮನ್ ಎಂಬ ಆಂಗ್ಲರು 1844ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಅಲ್ಲಿ 1829ರಲ್ಲಿ ಆನೆಕಲ್ಲು ಮಳೆಯಿಂದಲೂ, 1830ರಲ್ಲಿ ಮಳೆಯ ಕೊರತೆಯಿಂದಲೂ, 1831ರಲ್ಲಿ ರೋಗದಿಂದಲೂ ಗೋಧಿ ಕೆಟ್ಟಿತು. ಉಳಿದದ್ದು ಈ ಕಾಳೊಂದೇ. ಜನ ಅದನ್ನೇ ತಿಂದು ಬದುಕಿದರು. 1833ರಲ್ಲಿ ತರುಣರ ಕಾಲುಗಳು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪತೊಡಗಿದವು. ಹೀಗೆ ಬಂದ ಊನ ಮತ್ತೆ ವಾಸಿಯಾಗುವುದಿಲ್ಲ.

ಇದಕ್ಕೆ ಕಾರಣವಾದ ವಸ್ತುವನ್ನು ಕಾಳಿನಿಂದ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ ಮತ್ತು ಪಿ. ಎಸ್. ಶರ್ಮ ಪ್ರಮುಖರು. ಅವರ ಪ್ರಬಂಧ 1964ರಲ್ಲಿ ಪ್ರಕಟವಾಯಿತು. ಆ ವಸ್ತುವನ್ನು ಸಂಕ್ಷೇಪವಾಗಿ ಓಡಾಪ್ ಎನ್ನುತ್ತಾರೆ. ಅದು ನರಗಳಿಗೆ ವಿಷ. ಆದರೆ ಒಂದು ದಿನ ತಿಂದವನಿಗೆ ಕಾಲು ಹೋಗುವುದಿಲ್ಲ. ಬೇರೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಅದನ್ನೇ ಉಂಡವನಿಗೆ ಅಪಾಯ. ಮಧ್ಯಪ್ರದೇಶದ ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯೆಂದು ಈ ಕಾಳನ್ನೇ ಅಳೆದು ಕೊಡುತ್ತಿದ್ದರು. ಕಾಳಿನ ವಿಷಕ್ಕೆ ಹಸಿವು ಕೂಡಿದಾಗಲೇ ಈ ರೋಗ ಬರುತ್ತದೆಂಬುದನ್ನು ನಾವು ಮರೆಯಬಾರದು.

ಆಹಾರ ಕಲಬೆರಕೆ ತಡೆ ಕಾಯಿದೆ 1954ರಲ್ಲಿ ಬಂದಿತು. ಅದರ ನಿಯಮಗಳಲ್ಲಿ 1961ರಲ್ಲಿ ಕೇಸರಿ ಬೇಳೆಯ ಮಾರಾಟಕ್ಕೆ ನಿಷೇಧ ಸೇರಿತು. ಕಾಳು ಮಾತ್ರವಲ್ಲ, ಅದರ ಹಿಟ್ಟನ್ನಾಗಲಿ, ಕಡಲೆಯೊಡನೆ ಬೆರಸಿದ ಮಿಶ್ರಣವನ್ನಾಗಲಿ ಮಾರಬಾರದೆಂದು ನಿಯಮ ಹೇಳಿತು. ಆದರೆ ನಿಷೇಧ ಜಾರಿಗೆ ಬರುವ ದಿನವನ್ನು ಆಯಾ ರಾಜ್ಯ ಸರಕಾರ ಗೊತ್ತುಪಡಿಸಬೇಕಿತ್ತು. ಕೆಲವು ರಾಜ್ಯಗಳು ಅದನ್ನು ಜಾರಿಗೆ ತರಲೇ ಇಲ್ಲ. ಚೀಲಕ್ಕೆ ರಾಜ್ಯದ ಗಡಿ ತಿಳಿಯುವುದಿಲ್ಲವಷ್ಟೆ! ಗಡಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕಾಯಿದೆಯ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2011ರಲ್ಲಿ ಜಾರಿಗೆ ಬಂದಿತು. ಇತ್ತ ಕೃಷಿ ವಿಜ್ಞಾನಿಗಳು ವಿಷಾಂಶ ಕಡಿಮೆಯಿರುವ ರತನ್, ಪ್ರತೀಕ್, ಮಹಾತಿವಡಾ ಎಂಬ ತಳಿಗಳನ್ನು ಬೆಳೆಸಿದ್ದಾರೆ. ಆದರೆ ಕಣ್ಣಿಂದ ನೋಡಿ ಇದು ಯಾವ ತಳಿಯೆಂದು ಹೇಳುವುದು ನಮ್ಮಿಂದಾಗದು.

ಪಾಲಕರು ಮಾಡಬಹುದಾದ್ದೇನು? ತೊಗರಿಬೇಳೆ ದುಂಡಗಿರುತ್ತದೆ, ಕೇಸರಿ ಬೇಳೆ ಚೌಕವಾಗಿ, ಒಂದು ಬದಿಗೆ ಓರೆಯಾಗಿ ಇಳಿದಿರುತ್ತದೆ. ಮೊರದಲ್ಲಿ ಹರಡಿ ನೋಡಿದರೆ ತಿಳಿಯುತ್ತದೆ. ಹಿಟ್ಟಾದ ಮೇಲೆ ತಿಳಿಯದು. ಆದುದರಿಂದ ಝುಣಕಕ್ಕೆ ಕಡಲೆಯನ್ನು ಮನೆಯಲ್ಲಿಯೇ ಆರಿಸಿ, ಗಿರಣಿಯಲ್ಲಿ ಬೀಸಿಸುವುದು ಲೇಸು. ಅತಿಯಾಗಿ ಹೊಳೆಯುವ ಬೇಳೆಗೆ ಮರುಳಾಗಬಾರದು. ಮೆಟಾನಿಲ್ ಯೆಲ್ಲೊ ಎಂಬ ನಿಷಿದ್ಧ ಬಣ್ಣ ಹಚ್ಚಿದ ಬೇಳೆಯನ್ನು ನೀರಿನಲ್ಲಿ ಅಲುಗಿಸಿ, ಆ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೀರು ಗುಲಾಬಿಯಾಗುತ್ತದೆ. ಆಮ್ಲದ ಈ ಪರೀಕ್ಷೆಯನ್ನು ವಿದ್ಯಾರ್ಥಿಗಳು ಮನೆಯಲ್ಲಿ ಮಾಡಕೂಡದು. ಶಾಲೆಯಲ್ಲಿ, ವಿಜ್ಞಾನ ಶಿಕ್ಷಕರ ಎದುರಿನಲ್ಲಿಯೇ ಮಾಡಬೇಕು.

ಪೊಟ್ಟಣ ಕೊಳ್ಳುವಾಗ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಇಂದು ಬೇಳೆಯ ಸಸಾರಜನಕವನ್ನೇ ಬೇರ್ಪಡಿಸಿದ ಪುಡಿಗಳೂ ಅಂಗಡಿಗೆ ಬಂದಿವೆ. ಪುಡಿಯಲ್ಲಿ ಕಾಳಿನ ಆಕಾರ ಕಾಣುವುದಿಲ್ಲ. ಅಲ್ಲಿ ಓದಲು ಬರುವ ಕಣ್ಣೇ ಕಾವಲು. ಸಂಶಯ ಬಂದರೆ, ಕೊಂಡವರು ಯಾರೇ ಆಗಲಿ, ಶುಲ್ಕ ಕೊಟ್ಟು ಸರಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು ಕಾಯಿದೆಯಲ್ಲಿ ಹಕ್ಕಿದೆ. ದೋಷ ಸಿದ್ಧವಾದರೆ ಆ ಶುಲ್ಕ ಹಿಂತಿರುಗುತ್ತದೆ.

ಪ್ರಶ್ನೆ ಕೇಳಿದ ಹುಡುಗಿ ಮರುದಿನ ತನ್ನ ಅವ್ವನೊಡನೆ ಬೇಳೆ ಆರಿಸಲು ಕುಳಿತಳಂತೆ. ಒಂದು ಗಾದೆಯ ಪಾಠದಿಂದ ನಾವು ಬಯಸುವುದು ಇಷ್ಟೇ.