ಮಿತಿಯಿಲ್ಲದ ರಜೆಯ ಲೆಕ್ಕಾಚಾರ

2014ರ ನವೆಂಬರ್‌ನಲ್ಲಿ ಅಮೆರಿಕದ ಟ್ರಿಬ್ಯೂನ್ ಪಬ್ಲಿಷಿಂಗ್ ಕಂಪನಿ ತನ್ನ ನೌಕರರಿಗೆ ಸಿಹಿ ಸುದ್ದಿಯೊಂದನ್ನು ಕೊಟ್ಟಿತು. ಇನ್ನು ಮೇಲೆ ರಜೆಗೆ ಇಂತಿಷ್ಟೇ ದಿನ ಎಂಬುದಿಲ್ಲ, ಮೇಲಧಿಕಾರಿ ಒಪ್ಪಿದರೆ ಬೇಕಾದಷ್ಟು ತೆಗೆದುಕೊಳ್ಳಬಹುದು. ಲಾಸ್ ಏಂಜಲೀಸ್ ಟೈಮ್ಸ್, ಶಿಕಾಗೊ ಟ್ರಿಬ್ಯೂನ್ ಪತ್ರಿಕೆಗಳು ಆಗ ಅದರ ಒಡೆತನದಲ್ಲಿದ್ದವು. ಪತ್ರಕರ್ತರು ಖುಷಿಪಡುವ ಬದಲು ಕೋರ್ಟಿಗೆ ಹೋಗುತ್ತೇವೆ ಎಂದು ಎದ್ದು ನಿಂತರು. ಕೆಲವೇ ದಿನಗಳಲ್ಲಿ ಕಂಪನಿ ತನ್ನ ಮಾತನ್ನು ಹಿಂದಕ್ಕೆ ಪಡೆಯಿತು.

ಅವರ ಸಿಟ್ಟೆಲ್ಲ ಕೂಡಿಟ್ಟ ಹಳೆಯ ರಜೆ ಕೈತಪ್ಪುತ್ತದೆ ಎಂಬುದಕ್ಕಾಗಿತ್ತು. ರಜೆಯೂ ಸಂಬಳದ ಒಂದು ಭಾಗ, ದುಡಿದಂತೆ ದಿನದಿನಕ್ಕೆ ಜಮೆಯಾಗುತ್ತ ಹೋಗುತ್ತದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಕೆಲಸ ಬಿಡುವಾಗ ಉಳಿದ ರಜೆಗೆ ಕಂಪನಿ ದುಡ್ಡು ಎಣಿಸಲೇಬೇಕು. ಕಂಪನಿಯ ಲೆಕ್ಕಪುಸ್ತಕದಲ್ಲಿ ಅದು ನೌಕರರಿಗೆ ಕೊಡಬೇಕಾದ ಬಾಕಿ. ರಜೆ ಮಿತಿಯಿಲ್ಲದ್ದಾದರೆ ಜಮೆಯೂ ಇಲ್ಲ, ಬಾಕಿಯೂ ಇಲ್ಲ. ವರ್ಷಗಟ್ಟಲೆ ರಜೆ ಉಳಿಸಿಕೊಂಡಿದ್ದ ಹಿರಿಯ ಪತ್ರಕರ್ತನಿಗೆ ಈ ಔದಾರ್ಯ ಎಂಥದ್ದೆಂದು ಕೂಡಲೇ ಹೊಳೆದಿರಬೇಕು!

ಹಾಗೆಂದು ಈ ಪದ್ಧತಿ ಹುಟ್ಟಿದ್ದೇ ಮೋಸದಿಂದ ಎನ್ನಲಾಗದು. ಇದನ್ನು ಜನಪ್ರಿಯಗೊಳಿಸಿದ್ದು ನೆಟ್‌ಫ್ಲಿಕ್ಸ್. ಸಿಬ್ಬಂದಿ ರಾತ್ರಿ, ವಾರಾಂತ್ಯ ದುಡಿದದ್ದಕ್ಕೆ ಲೆಕ್ಕ ಇಡುವುದಿಲ್ಲ ಎಂದಾದರೆ ರಜೆಗೆ ಮಾತ್ರ ಯಾಕೆ ಲೆಕ್ಕ ಎಂಬುದು ಅಲ್ಲಿನವರ ವಾದ. ಸಹಸಂಸ್ಥಾಪಕ ರೀಡ್ ಹೇಸ್ಟಿಂಗ್ಸ್ ತಾವೇ ವರ್ಷಕ್ಕೆ ಆರು ವಾರ ರಜೆ ಹಾಕುತ್ತಿದ್ದರು, ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಮೇಲಿನವರು ಕುರ್ಚಿ ಬಿಟ್ಟು ಏಳದಿದ್ದರೆ ಕೆಳಗಿನವರು ಏಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಎಡವಟ್ಟಾಗುವುದು ಇಲ್ಲೇ. ಪಂಕ್ತಿಯಲ್ಲಿ ಕೂತವನಿಗೆ ‘ಸಂಕೋಚ ಮಾಡ್ಕೋಬೇಡಿ, ಎಷ್ಟು ಬೇಕಾದ್ರೂ ಹಾಕಿಸ್ಕೊಳ್ಳಿ’ ಎಂದಾಗಲೇ ಸಂಕೋಚ ಹೆಚ್ಚುವುದು. ಖಾತೆಯಲ್ಲಿ ಎಂಟು ಸಿ.ಎಲ್. ಉಳಿದಿದ್ದರೆ ನೌಕರ ಡಿಸೆಂಬರ್‌ನಲ್ಲಿ ಧೈರ್ಯವಾಗಿ ರಜೆ ಚೀಟಿ ಬರೆಯುತ್ತಾನೆ, ಅದು ಅವನ ಹಕ್ಕು. ಲೆಕ್ಕವೇ ಇಲ್ಲದ ಕಡೆ ಪ್ರತಿ ಸಲವೂ ಮ್ಯಾನೇಜರ್ ಮುಖ ನೋಡಬೇಕು, ಪಕ್ಕದವಳು ಎಷ್ಟು ದಿನ ಹೋದಳೆಂದು ಗಮನಿಸಬೇಕು. ಎಷ್ಟು ರಜೆ ಹಾಕಿದರೆ ಸರಿ ಎಂಬುದೇ ಸಿಬ್ಬಂದಿಗೆ ತಿಳಿಯುತ್ತಿಲ್ಲ ಎಂದು ಕಿಕ್‌ಸ್ಟಾರ್ಟರ್ ಕಂಪನಿ 2015ರಲ್ಲಿ ಮಿತಿಯಿಲ್ಲದ ರಜೆಯನ್ನು ಕೈಬಿಟ್ಟು ವರ್ಷಕ್ಕೆ 25 ದಿನ ಎಂದು ಗೊತ್ತುಮಾಡಿತು. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕ್ 2022ರಲ್ಲಿ ಹಿರಿಯ ಅಧಿಕಾರಿಗಳಿಗೆ ರಜೆಯ ಮಿತಿ ತೆಗೆಯಿತು. ಜೊತೆಗೇ, 2023ರಿಂದ ಎಲ್ಲರೂ ಕನಿಷ್ಠ 15 ದಿನ ರಜೆ ಹಾಕಲೇಬೇಕು ಎಂದಿತು. ಇದೇ ಜಾಣತನದ ಕೆಲಸ ಎನ್ನಬೇಕು.

ಕ್ಯಾಲಿಫೋರ್ನಿಯಾದ ಇನ್ನೊಂದು ಪ್ರಕರಣವನ್ನೂ ನೋಡಬೇಕು. ವಿದ್ಯಾರ್ಥಿ ವಿನಿಮಯ ಸಂಸ್ಥೆಯೊಂದರ ಮೂವರು ಮ್ಯಾನೇಜರ್‌ಗಳು ಕೆಲಸ ಬಿಟ್ಟಾಗ, ‘ನಿಮ್ಮ ರಜೆಗೆ ಮಿತಿ ಇರಲಿಲ್ಲ, ಹಾಗಾಗಿ ಬಾಕಿಯೂ ಇಲ್ಲ’ ಎಂಬುದು ಸಂಸ್ಥೆಯ ವಾದವಾಗಿತ್ತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಮಿತಿಯಿಲ್ಲ ಎಂದು ಲಿಖಿತವಾಗಿ ಎಲ್ಲೂ ತಿಳಿಸಿರಲಿಲ್ಲ, ಕೆಲಸದ ಹೊರೆಯಲ್ಲಿ ಅವರು ಬೇಕಾದಷ್ಟು ರಜೆ ಹಾಕುವ ಸ್ಥಿತಿಯೂ ಇರಲಿಲ್ಲ. ಸಂಸ್ಥೆ ಹಣ ಕೊಡಬೇಕಾಯಿತು.

ಮೈಕ್ರೋಸಾಫ್ಟ್ 2023ರ ಜನವರಿಯಲ್ಲಿ ಮಿತಿಯಿಲ್ಲದ ರಜೆಯ ದಾರಿ ಹಿಡಿದಾಗ ಹಳೆಯ ರಜೆಗೆ ಒಂದೇ ಬಾರಿಗೆ ಹಣ ಚುಕ್ತಾ ಮಾಡಲು ಒಪ್ಪಿತು. ಹೊಸ ಪದ್ಧತಿ ಅಮೆರಿಕದ ಮಾಸಿಕ ಸಂಬಳದವರಿಗೆ ಮಾತ್ರ. ಗಂಟೆ ಲೆಕ್ಕದ ಕೂಲಿಯವರು ಹೊರಗೆ, ಬೇರೆ ದೇಶಗಳ ಸಿಬ್ಬಂದಿಯೂ ಹೊರಗೆ. ಸಂಬಳಸಹಿತ ರಜೆ ಕೊಡಲೇಬೇಕೆಂಬ ರಾಷ್ಟ್ರಮಟ್ಟದ ಕಾನೂನು ಖಾಸಗಿ ನೌಕರರ ಪಾಲಿಗೆ ಅಮೆರಿಕದಲ್ಲಿಲ್ಲ. ಇಲ್ಲಿ ಹಾಗಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ ಪ್ರತಿ 20 ದಿನದ ದುಡಿಮೆಗೆ ಒಂದು ದಿನದಂತೆ ಗಳಿಕೆ ರಜೆ (ಇ.ಎಲ್.) ಸಲ್ಲುತ್ತದೆ. ಮಿತಿಯಿಲ್ಲದ ರಜೆ ಎಂದು ಬೋರ್ಡು ಹಾಕುವ ಬೆಂಗಳೂರಿನ ಸ್ಟಾರ್ಟಪ್ಪೂ ಈ ಇ.ಎಲ್. ಲೆಕ್ಕವನ್ನು ಕೈಬಿಡುವಂತಿಲ್ಲ, ಅದರ ಮೇಲೆ ಎಷ್ಟು ಬೇಕಾದರೂ ಸೇರಿಸಬಹುದು.