ಧರ್ಮಾರ್ಥ ಸಂಸ್ಥೆಗಳ ತೆರಿಗೆ ವಿನಾಯಿತಿ: ಹಕ್ಕು ಮತ್ತು ಹೊಣೆ

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ 'ಸರ್ವಮಾನ್ಯ', 'ಸರ್ವಬಾಧಾಪರಿಹಾರ' ಎಂಬ ಪದಗಳು ಅಪರಿಚಿತವಲ್ಲ. ದೇವಾಲಯಕ್ಕೋ ಬಸದಿಗೋ ಮಠಕ್ಕೋ ಭೂಮಿಯನ್ನು ದತ್ತಿ ಬಿಡುವಾಗ ಅರಸನು ಆ ಭೂಮಿಯಿಂದ ತನಗೆ ಸಲ್ಲತಕ್ಕ ಕರಗಳನ್ನೂ ಬಿಟ್ಟುಕೊಡುತ್ತಿದ್ದನು. ಹಾಗೆ ಬಿಡುವಾಗ ಅದರ ಹುಟ್ಟುವಳಿಯು ದೇವರ ಪೂಜೆಗೆ, ತಪೋಧನರ ಆಹಾರದಾನಕ್ಕೆ, ವಿದ್ಯಾರ್ಥಿಗಳ ಓದಿಗೆ ಸಲ್ಲತಕ್ಕದ್ದೆಂದು ಶಾಸನದಲ್ಲಿಯೇ ಬರೆಯಿಸುತ್ತಿದ್ದನು. ಕರವನ್ನು ಬಿಡುವುದು, ಬಿಟ್ಟ ಕರದ ವಿನಿಯೋಗವನ್ನು ಗೊತ್ತುಪಡಿಸುವುದು, ಇವೆರಡೂ ಒಂದೇ ಕಲ್ಲಿನ ಮೇಲೆ ಕೊರೆಯಲ್ಪಟ್ಟ ಮಾತುಗಳಾಗಿದ್ದುವು.

ಇಂದಿನ ಪ್ರಜಾಪ್ರಭುತ್ವದಲ್ಲಿ ಅರಸನ ಸ್ಥಾನವನ್ನು ಸಂಸತ್ತು ವಹಿಸಿದೆ. ಶಾಸನದ ಸ್ಥಾನಕ್ಕೆ ಆದಾಯ ತೆರಿಗೆಯ ಕಾನೂನು ಬಂದಿದೆ. ಆದರೆ ಹಳೆಯ ಕಾಲದಲ್ಲಿ ಯಾರೂ ಕೇಳದಿದ್ದ ಒಂದು ಪ್ರಶ್ನೆಯನ್ನು ಈಗ ಬಹಳ ಜನ ಕೇಳುತ್ತಿದ್ದಾರೆ. ಕೂಲಿಕಾರನು ಕೊಳ್ಳುವ ವಸ್ತುವಿನ ಮೇಲೂ ತೆರಿಗೆಯುಂಟು. ಹೀಗಿರುವಲ್ಲಿ ಮಠ, ದೇವಾಲಯ, ಮಸೀದಿ, ಚರ್ಚು, ಧರ್ಮಾರ್ಥ ಟ್ರಸ್ಟುಗಳಿಗೆ ಮಾತ್ರ ಆದಾಯ ತೆರಿಗೆಯಿಂದ ವಿನಾಯಿತಿ ಏಕೆ? ಈ ಪ್ರಶ್ನೆಯನ್ನು ಧರ್ಮದ್ವೇಷವೆಂದು ತಳ್ಳಿಹಾಕುವುದು ಉಚಿತವಲ್ಲ. ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಗಳೂ ಅವುಗಳಿಗೆ ದಾನ ನೀಡುವ ಮಹನೀಯರೂ ಈ ವಿನಾಯಿತಿಯ ಆಧಾರವನ್ನು ಚೆನ್ನಾಗಿ ಅರಿತಿರುವುದು ಅವಶ್ಯಕ.

ವಿನಾಯಿತಿ ನಡೆದು ಬಂದ ದಾರಿ

ಇಂಗ್ಲೆಂಡಿನಲ್ಲಿ 1601ರಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, ಧರ್ಮಾರ್ಥ ದತ್ತಿಗಳ ದುರುಪಯೋಗವನ್ನು ತಡೆಯುವುದಕ್ಕಾಗಿ ಒಂದು ಶಾಸನವಾಯಿತು. ಯಾವ ಯಾವ ಕಾರ್ಯಗಳು ಧರ್ಮಾರ್ಥವೆಂಬುದರ ಪಟ್ಟಿ ಅದರ ಪೀಠಿಕೆಯಲ್ಲಿದ್ದಿತು. 1891ರಲ್ಲಿ ಮೊರೇವಿಯನ್ ಚರ್ಚಿನ ಒಂದು ದತ್ತಿಯ ತೆರಿಗೆಯ ವಿಷಯದಲ್ಲಿ ಪೆಮ್‌ಸೆಲ್ ಮೊಕದ್ದಮೆಯು ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಾಗ, ಲಾರ್ಡ್ ಮ್ಯಾಕ್ನಾಟನ್ ಅವರು ಧರ್ಮಾರ್ಥ ಕಾರ್ಯಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು: ಬಡತನದ ನಿವಾರಣೆ, ವಿದ್ಯಾಪ್ರಸಾರ, ಧರ್ಮಪ್ರಸಾರ, ಸಮಾಜಕ್ಕೆ ಹಿತವಾದ ಇತರ ಕಾರ್ಯಗಳು.

ಭಾರತದಲ್ಲಿ ಆದಾಯ ತೆರಿಗೆಯು ಮೊದಲು ಬಂದುದು 1860ರಲ್ಲಿ. ಕೇವಲ ಧಾರ್ಮಿಕ ಅಥವಾ ಸಾರ್ವಜನಿಕ ಧರ್ಮಾರ್ಥ ಕಾರ್ಯಕ್ಕೆ ವಿನಿಯೋಗವಾಗುವ ಆಸ್ತಿಯ ವರಮಾನವನ್ನು 1886ರ ಅಧಿನಿಯಮವು ತೆರಿಗೆಯಿಂದ ಹೊರಗಿರಿಸಿತು. 1922ರ ಅಧಿನಿಯಮವೂ 1961ರ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡುವು. 1961ರ ಅಧಿನಿಯಮದ ಸ್ಥಾನದಲ್ಲಿ, 2026ರ ಏಪ್ರಿಲ್ 1ನ್ನು ಜಾರಿಯ ದಿನಾಂಕವಾಗಿಟ್ಟು, 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಅಧಿನಿಯಮವು ಇಂತಹ ಸಂಸ್ಥೆಗಳನ್ನು 'ನೋಂದಾಯಿತ ಲಾಭರಹಿತ ಸಂಸ್ಥೆ'ಗಳೆಂದು ಕರೆದಿದೆ. ಹೆಸರೂ ಕಲಮುಗಳ ಸಂಖ್ಯೆಯೂ ಬದಲಾದರೂ ಮೂಲತತ್ತ್ವವು ಬದಲಾಗಿಲ್ಲ.

ವಿನಾಯಿತಿಯ ಪರವಾದ ವಾದ

ಆದಾಯ ತೆರಿಗೆಯು ಒಬ್ಬನ ಗಳಿಕೆಯ ಮೇಲೆ ಬೀಳುವ ತೆರಿಗೆ. ಧರ್ಮಾರ್ಥ ಸಂಸ್ಥೆಯ ವರಮಾನವು ಯಾರ ಗಳಿಕೆಯೂ ಅಲ್ಲ. ಅದರಲ್ಲಿ ಪಾಲುದಾರರಿಲ್ಲ, ಲಾಭಾಂಶವಿಲ್ಲ. ಧರ್ಮದರ್ಶಿಯು ಆ ಹಣದ ಒಡೆಯನಾಗಿರದೆ ಕೇವಲ ಕಾವಲುಗಾರನಾಗಿರುತ್ತಾನೆ. ವಿದ್ಯಾರ್ಥಿನಿಲಯಕ್ಕೆ ಬಂದ ಅಕ್ಕಿ ಜೋಳಗಳ ಮೇಲೆ ತೆರಿಗೆ ಹಾಕಿದರೆ ಅದನ್ನು ತೆರುವವನು ಅಲ್ಲಿ ಉಣ್ಣುವ ಬಡ ಹುಡುಗನೇ ಆಗುವನು. ಇದು ಮೊದಲನೆಯ ಕಾರಣ.

ಎರಡನೆಯದಾಗಿ, ಇಂತಹ ಸಂಸ್ಥೆಗಳು ಸರಕಾರವು ಮಾಡಬೇಕಾದ ಕೆಲಸದ ಒಂದು ಭಾಗವನ್ನು ಮಾಡುತ್ತವೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಕಾಲದಲ್ಲಿ ಆ ಪ್ರಾಂತದ ಕನ್ನಡ ಮಕ್ಕಳಿಗೆ ಪ್ರೌಢ ವಿದ್ಯೆಯ ಬಾಗಿಲುಗಳು ವಿರಳವಾಗಿದ್ದುವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳು ಉಚಿತವಾಗಿ ದೊರೆಯುತ್ತಿರುವುದು ಸರ್ವವಿದಿತ. ದಾಸೋಹದ ಭಾವನೆಯಿಂದ ನಡೆಯುವ ಇಂತಹ ಕಾರ್ಯವನ್ನು ಸರಕಾರವೇ ಕೈಗೊಂಡರೆ ತಗಲುವ ವೆಚ್ಚವು, ಬಿಟ್ಟುಕೊಟ್ಟ ತೆರಿಗೆಗಿಂತ ಬಹುಮಟ್ಟಿಗೆ ಅಧಿಕವಾದೀತು.

ಮೂರನೆಯ ಕಾರಣವು ಧರ್ಮಕ್ಕೂ ಪ್ರಭುತ್ವಕ್ಕೂ ಇರಬೇಕಾದ ಅಂತರವನ್ನು ಕುರಿತದ್ದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಒಂದು ಸಣ್ಣ ನಿವೇಶನದ ಒಡೆಯರಾಗಿದ್ದ ವಾಲ್ಜ್ ಎಂಬುವರು, ಚರ್ಚುಗಳಿಗೆ ಆಸ್ತಿ ತೆರಿಗೆಯನ್ನು ಬಿಟ್ಟುಕೊಡುವುದೆಂದರೆ ತಮ್ಮಿಂದ ಚರ್ಚಿಗೆ ಬಲವಂತವಾಗಿ ವಂತಿಗೆ ಪಡೆದಂತೆಯೇ ಎಂದು ವಾದಿಸಿದರು. 1970ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಚರ್ಚಿನ ಆಸ್ತಿಗೆ ಬೆಲೆ ಕಟ್ಟುವುದು, ಬಾಕಿಗಾಗಿ ಅದನ್ನು ಜಪ್ತಿ ಮಾಡುವುದು ಮುಂತಾದವುಗಳಿಂದ ಪ್ರಭುತ್ವವು ಧರ್ಮದೊಡನೆ ಇನ್ನಷ್ಟು ತೊಡಕಿಗೆ ಸಿಲುಕುವುದೆಂದು ಅದು ಅಭಿಪ್ರಾಯಪಟ್ಟಿತು.

ನಮ್ಮ ನಾಡಿನಲ್ಲಿ ಈ ಅಂತರದ ಪ್ರಶ್ನೆಯು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. ಆಗ ಉಡುಪಿಯು ಮದರಾಸು ರಾಜ್ಯಕ್ಕೆ ಸೇರಿದ್ದಿತು. ಧಾರ್ಮಿಕ ಸಂಸ್ಥೆಗಳ ಮೇಲ್ವಿಚಾರಣೆಗೆಂದು ಅವುಗಳ ವರಮಾನದಲ್ಲಿ ನೂರಕ್ಕೆ ಐದರವರೆಗೆ ವಂತಿಗೆ ಪಡೆಯಲು ಆ ರಾಜ್ಯದ 1951ರ ಕಾನೂನು ಅವಕಾಶ ನೀಡಿದ್ದಿತು. ಈ ವಂತಿಗೆಯು ಸೇವೆಗೆ ಪ್ರತಿಯಾದ ಶುಲ್ಕವಾಗಿರದೆ ತೆರಿಗೆಯೇ ಆಗಿರುವುದೆಂದೂ ಅದನ್ನು ವಿಧಿಸುವ ಅಧಿಕಾರವು ರಾಜ್ಯಕ್ಕಿಲ್ಲವೆಂದೂ 1954ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅದರೊಡನೆಯೇ ಇನ್ನೊಂದು ಮಾತನ್ನೂ ಹೇಳಿತು: ಧಾರ್ಮಿಕ ಆಚರಣೆಯ ವಿಷಯದಲ್ಲಿ ಮಠವು ಸ್ವತಂತ್ರ; ಆಸ್ತಿಯ ಆಡಳಿತವನ್ನಾದರೋ ಕಾನೂನಿಗೆ ಅನುಸಾರವಾಗಿ ನಡೆಸತಕ್ಕದ್ದು. ಪೂಜೆಯ ಕ್ರಮವನ್ನು ಪ್ರಭುತ್ವವು ಕೇಳಕೂಡದು, ಹಣದ ಲೆಕ್ಕವನ್ನು ಕೇಳಬಹುದು ಎಂಬುದು ಇದರ ಸಾರ.

ವಿರೋಧದ ವಾದ

ವಿರೋಧಿಗಳ ಮೊದಲನೆಯ ಮಾತು ಸರಳವಾದ ಲೆಕ್ಕ. ಒಬ್ಬರಿಗೆ ಬಿಟ್ಟ ತೆರಿಗೆಯ ಭಾರವು ಉಳಿದವರ ಮೇಲೆ ಬೀಳುತ್ತದೆ. ದಾನಿಗೆ ದೊರೆಯುವ, 80ಜಿ ಎಂಬ ಹೆಸರಿನಿಂದ ಪರಿಚಿತವಾದ, ರಿಯಾಯಿತಿಯನ್ನೇ ನೋಡಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ನೂರಕ್ಕೆ 30ರ ದರದಲ್ಲಿ ತೆರಿಗೆ ಕೊಡುವವರೊಬ್ಬರು ಮಾನ್ಯತೆ ಪಡೆದ ಶಾಲೆಗೆ 10,000 ರೂಪಾಯಿ ದಾನ ಮಾಡಿದರೆ, ಸಾಮಾನ್ಯವಾಗಿ ಅದರ ಅರ್ಧ, ಅಂದರೆ 5,000 ರೂಪಾಯಿ, ಅವರ ಆದಾಯದಿಂದ ಕಳೆಯಲ್ಪಡುತ್ತದೆ. ಉಪಕರವನ್ನು ಬಿಟ್ಟು ಲೆಕ್ಕ ಹಾಕಿದರೆ ಅವರಿಗೆ ಉಳಿಯುವ ತೆರಿಗೆ 1,500 ರೂಪಾಯಿ. ಎಂದರೆ ಶಾಲೆಗೆ ಬಂದ ಹತ್ತು ಸಾವಿರದಲ್ಲಿ ಎಂಟೂವರೆ ಸಾವಿರ ದಾನಿಯದು, ಒಂದೂವರೆ ಸಾವಿರ ಸರ್ವಜನರದು. ಸರ್ವಜನರ ಹಣವಿರುವಲ್ಲಿ ಸರ್ವಜನರು ಲೆಕ್ಕ ಕೇಳುವುದು ನ್ಯಾಯವೇ ಆಗಿದೆ.

ಎರಡನೆಯದು ವ್ಯಾಪಾರದ ಆಕ್ಷೇಪ. ಸೇವೆಯ ಫಲಕವನ್ನು ತೂಗುಹಾಕಿ ಒಳಗೆ ಲಾಭವನ್ನು ಗಳಿಸುವ ಸಂಸ್ಥೆಗಳುಂಟು. ವಿದ್ಯಾಸಂಸ್ಥೆಗಳ ಕ್ಯಾಪಿಟೇಶನ್ ಹಾವಳಿಯು ಇದಕ್ಕೆ ಎದ್ದುಕಾಣುವ ಉದಾಹರಣೆ. ಅದನ್ನು ನಿಷೇಧಿಸಿ ಕರ್ನಾಟಕವು 1984ರಲ್ಲಿಯೇ ಕಾನೂನನ್ನು ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ, 2002ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪದ್ಧತಿಯನ್ನು ಖಂಡಿಸಿತು. ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿತವಾದ ಉಳಿತಾಯವನ್ನು ಎರಡನೆಯ ತೀರ್ಪು ಒಪ್ಪಿತು, ಲಾಭಕೋರತನವನ್ನು ಒಪ್ಪಲಿಲ್ಲ.

ಮೂರನೆಯದು ಭೇದಭಾವದ ಆಕ್ಷೇಪ. ಎಲ್ಲರ ತೆರಿಗೆಯ ಬಲದಿಂದ ಕೆಲವರಿಗೆ ಮಾತ್ರ ಬಾಗಿಲು ತೆರೆಯುವ ಸಂಸ್ಥೆಗೆ ವಿನಾಯಿತಿ ಸಲ್ಲುವುದೇ? ಅಮೆರಿಕದ ಬಾಬ್ ಜೋನ್ಸ್ ವಿಶ್ವವಿದ್ಯಾಲಯವು ಬೇರೆ ಬೇರೆ ವರ್ಣದ ವಿದ್ಯಾರ್ಥಿಗಳ ನಡುವಣ ಪ್ರಣಯ ವಿವಾಹಗಳನ್ನು ಧರ್ಮದ ಹೆಸರಿನಲ್ಲಿ ನಿಷೇಧಿಸಿದ್ದಿತು. ಅದರ ವಿನಾಯಿತಿಯನ್ನು ರದ್ದುಮಾಡಿದ್ದು ಸರಿಯೆಂದು 1983ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ನಮ್ಮ ಕಾನೂನಿನಲ್ಲಿಯೂ, 1962ರ ಏಪ್ರಿಲ್ 1ರ ಅನಂತರ ಒಂದು ಜಾತಿ ಅಥವಾ ಮತದವರ ಹಿತಕ್ಕೆಂದೇ ಸ್ಥಾಪಿತವಾದ ಧರ್ಮಾರ್ಥ ಟ್ರಸ್ಟಿಗೆ ವಿನಾಯಿತಿ ದೊರೆಯುವುದಿಲ್ಲ. ಪರಿಶಿಷ್ಟ ಜಾತಿ ಪಂಗಡಗಳು, ಹಿಂದುಳಿದ ವರ್ಗಗಳು, ಮಹಿಳೆಯರು, ಮಕ್ಕಳು ಇವರಿಗಾಗಿ ಸ್ಥಾಪಿತವಾದವುಗಳು ಇದಕ್ಕೆ ಅಪವಾದ.

ಕಾನೂನು ಹಾಕಿರುವ ಕಟ್ಟಳೆಗಳು

ಈ ಆಕ್ಷೇಪಗಳಿಗೆ ಉತ್ತರವಾಗಿ ಕಾನೂನು ವಿನಾಯಿತಿಯನ್ನು ರದ್ದುಪಡಿಸದೆ ಅದಕ್ಕೆ ಕಟ್ಟಳೆಗಳನ್ನು ಹಾಕುತ್ತ ಬಂದಿದೆ. ವರ್ಷದ ವರಮಾನದಲ್ಲಿ ನೂರಕ್ಕೆ 85ರಷ್ಟನ್ನು ಉದ್ದಿಷ್ಟ ಕಾರ್ಯಕ್ಕೆ ವಿನಿಯೋಗಿಸತಕ್ಕದ್ದು. ಒಂದು ಕೋಟಿ ರೂಪಾಯಿ ಬಂದ ಸಂಸ್ಥೆಯು ಹದಿನೈದು ಲಕ್ಷವನ್ನು ನಿರ್ಬಂಧವಿಲ್ಲದೆ ಉಳಿಸಿಕೊಳ್ಳಬಹುದು. ಕಟ್ಟಡ ಮುಂತಾದ ದೊಡ್ಡ ಕಾರ್ಯಕ್ಕಾಗಿ ಇನ್ನೂ ಹೆಚ್ಚು ಕೂಡಿಡಬೇಕಾದರೆ ಉದ್ದೇಶವನ್ನು ಮುಂಚಿತವಾಗಿ ತಿಳಿಸಿ ಐದು ವರ್ಷಗಳೊಳಗಾಗಿ ಖರ್ಚು ಮಾಡಬೇಕು. ಸಂಸ್ಥಾಪಕರಿಗೂ ಧರ್ಮದರ್ಶಿಗಳಿಗೂ ಅವರ ಬಂಧುಗಳಿಗೂ ಸಂಸ್ಥೆಯ ಹಣದಿಂದ ಅನುಚಿತವಾದ ಲಾಭವಾಗಕೂಡದು. ನೋಂದಣಿಯನ್ನು ಐದು ವರ್ಷಗಳಿಗೊಮ್ಮೆ, ಸಣ್ಣ ಸಂಸ್ಥೆಗಳಾದರೆ ಹತ್ತು ವರ್ಷಗಳಿಗೊಮ್ಮೆ, ನವೀಕರಿಸಬೇಕು.

ದಾನಿಯ ಹೆಸರು ವಿಳಾಸಗಳಿಲ್ಲದ ಹಣವು ಒಟ್ಟು ದಾನದ ನೂರಕ್ಕೆ ಐದು ಅಥವಾ ಒಂದು ಲಕ್ಷ ರೂಪಾಯಿ, ಇವುಗಳಲ್ಲಿ ಹೆಚ್ಚಿನದನ್ನು ಮೀರಿದರೆ, ಮೀರಿದ ಭಾಗದ ಮೇಲೆ ನೂರಕ್ಕೆ 30ರ ತೆರಿಗೆಯನ್ನು ವಿಧಿಸಲಾಗುತ್ತದೆ. ಕೇವಲ ಧಾರ್ಮಿಕವಾದ ಸಂಸ್ಥೆಯ ಹುಂಡಿಗೆ ಇದು ಅನ್ವಯಿಸುವುದಿಲ್ಲ. ಧಾರ್ಮಿಕ ಮತ್ತು ಧರ್ಮಾರ್ಥ ಎರಡೂ ಉದ್ದೇಶಗಳುಳ್ಳ ಸಂಸ್ಥೆಯು ನಡೆಸುವ ಶಾಲೆಗೋ ಆಸ್ಪತ್ರೆಗೋ ಎಂದು ನಿರ್ದಿಷ್ಟಪಡಿಸಿ ಬಂದ ಅನಾಮಧೇಯ ದಾನಕ್ಕೆ ಅನ್ವಯಿಸುತ್ತದೆ. ಈ ಭೇದವನ್ನು ಮಠಗಳ ಆಡಳಿತ ಮಂಡಳಿಗಳು ಮರೆಯಬಾರದು.

'ವಿದ್ಯೆ' ಎಂಬ ಪದದ ಅರ್ಥವೇನೆಂಬುದನ್ನೂ ನ್ಯಾಯಾಲಯವು ಕ್ರಮೇಣ ಖಚಿತಪಡಿಸಿದೆ. ಇದರಲ್ಲಿ ಮುಖ್ಯವಾದ ಮೊಕದ್ದಮೆಯು ಕರ್ನಾಟಕದ್ದೇ. 'ಸಂಯುಕ್ತ ಕರ್ನಾಟಕ' ಪತ್ರಿಕೆಯನ್ನು ಪ್ರಕಟಿಸುತ್ತಿದ್ದ ಲೋಕ ಶಿಕ್ಷಣ ಟ್ರಸ್ಟು, ಪತ್ರಿಕೆಯಿಂದ ಜನರಿಗೆ ಶಿಕ್ಷಣ ದೊರೆಯುವುದರಿಂದ ತನ್ನ ವರಮಾನವು ವಿನಾಯಿತಿಗೆ ಅರ್ಹವೆಂದು ವಾದಿಸಿತು. 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪದೆ, ಕಾನೂನಿನ ದೃಷ್ಟಿಯಲ್ಲಿ ಶಿಕ್ಷಣವೆಂದರೆ ಕ್ರಮಬದ್ಧವಾದ ಬೋಧನೆ ಎಂದು ಹೇಳಿತು. 2022ರ ಅಕ್ಟೋಬರಿನಲ್ಲಿ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿಯ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಗಿ, ಶಿಕ್ಷಣದ ಹೆಸರಿನಲ್ಲಿ ಆ ವಿನಾಯಿತಿಯನ್ನು ಕೋರುವ ಸಂಸ್ಥೆಯ ಉದ್ದೇಶವು ಶಿಕ್ಷಣವೊಂದೇ ಆಗಿರಬೇಕೆಂದು ವಿಧಿಸಿತು.

ಕಟ್ಟಳೆಯನ್ನು ಮೀರಿದರೆ ಆಗುವ ಹಾನಿ ಸಣ್ಣದಲ್ಲ. 2016ರಲ್ಲಿ ಬಂದ ನಿಯಮದ ಪ್ರಕಾರ ನೋಂದಣಿ ರದ್ದಾದ ಸಂಸ್ಥೆಯ ಆಸ್ತಿಯ ಪೇಟೆಬೆಲೆಯಿಂದ ಸಾಲಗಳನ್ನು ಕಳೆದು, ಉಳಿದ ಮೊತ್ತದ ಮೇಲೆ ಅತ್ಯುಚ್ಚ ದರದಲ್ಲಿ ತೆರಿಗೆಯನ್ನು ವಿಧಿಸಬಹುದಾಗಿದೆ. ಮೂರು ತಲೆಮಾರಿನ ಭಕ್ತರು ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಶಾಲೆಯ ಕಟ್ಟಡ, ಮೈದಾನಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಒಬ್ಬಿಬ್ಬರ ಅಲಕ್ಷ್ಯದ ಫಲವನ್ನು ಮಕ್ಕಳು ಉಣ್ಣಬೇಕಾದೀತು.

ದಾನಿಗಳೂ ಶಿಕ್ಷಕರೂ ಮಾಡಬಹುದಾದುದು

ದಾನಿಗಳು ರಸೀದಿಯನ್ನು ಕೇಳಿ ಪಡೆಯುವುದು ಅವಿಶ್ವಾಸದ ಲಕ್ಷಣವಲ್ಲ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ರಿಯಾಯಿತಿ ದೊರೆಯದು. ಆದುದರಿಂದ ಚೆಕ್ಕಿನ ಅಥವಾ ಬ್ಯಾಂಕಿನ ಮೂಲಕ ಕೊಡುವುದು ಇಬ್ಬರಿಗೂ ಕ್ಷೇಮ. ಮೂಲನಿಧಿಗೆಂದು ಕೊಡುವವರು ಹಾಗೆಂದು ಬರೆದುಕೊಡತಕ್ಕದ್ದು. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ದಾನದ ರಿಯಾಯಿತಿಯೇ ಇಲ್ಲ. ರಿಯಾಯಿತಿಯಿಲ್ಲದಿದ್ದರೂ ಕೊಡುವ ಅಂತಹ ದಾನಿಯ ಋಣವು ಸಂಸ್ಥೆಯ ಮೇಲೆ ಇನ್ನೂ ಹೆಚ್ಚಿನದು.

ವಿನಾಯಿತಿ ಇರಬೇಕೇ ಎಂಬ ಪ್ರಶ್ನೆಗೆ ಇರಬೇಕೆಂಬುದೇ ಉತ್ತರ. ಆದರೆ ಅದನ್ನು ಉಳಿಸುವ ಶಕ್ತಿಯು ವಕೀಲರ ವಾದದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸಂಸ್ಥೆಗಳ ನಡತೆಯಲ್ಲಿದೆ. ಮೈಸೂರು ಸೀಮೆಯ ಧಾರ್ಮಿಕ ಇನಾಮುಗಳು 1955ರ ಕಾನೂನಿನಿಂದ ರದ್ದಾದುವು. ಅರಸರ ಕಾಲದಿಂದ ಬಂದ ಮಾನ್ಯತೆಯೂ ಶಾಶ್ವತವಲ್ಲವೆಂಬುದಕ್ಕೆ ಇದೇ ಸಾಕ್ಷಿ. ಸಮಾಜವು ಕೊಟ್ಟುದನ್ನು ಸಮಾಜವು ಹಿಂದಕ್ಕೆ ಪಡೆಯಬಲ್ಲದು.

ಆದುದರಿಂದ ಪ್ರತಿಯೊಂದು ವಿದ್ಯಾಸಂಸ್ಥೆಯೂ ಪರಿಶೋಧಿತವಾದ ತನ್ನ ಜಮಾಖರ್ಚನ್ನು ಇಲಾಖೆಗೆ ಸಲ್ಲಿಸಿದಲ್ಲಿಗೇ ನಿಲ್ಲದೆ, ಸರಳವಾದ ಕನ್ನಡದಲ್ಲಿ ವಾರ್ಷಿಕ ಸಭೆಯ ಮುಂದಿಡುವ ಪದ್ಧತಿಯನ್ನು ಬೆಳೆಸಿಕೊಳ್ಳುವುದು ಲೇಸು. ಎಷ್ಟು ಬಂದಿತು, ಯಾರಿಂದ ಬಂದಿತು, ಎಷ್ಟು ಮಕ್ಕಳ ಊಟಕ್ಕೆ, ಎಷ್ಟು ಶಿಕ್ಷಕರ ವೇತನಕ್ಕೆ, ಎಷ್ಟು ಕಟ್ಟಡಕ್ಕೆ ಸಂದಿತು ಎಂಬ ನಾಲ್ಕು ಸಾಲುಗಳ ಲೆಕ್ಕವನ್ನು ಹಳೆಯ ವಿದ್ಯಾರ್ಥಿಯೂ ದಾನಿಯೂ ಊರಿನ ರೈತನೂ ಓದಿ ತಿಳಿಯುವಂತಿರಬೇಕು.