ಮನೆಯ ಹಿಂಸೆ ಗೇಟಿನವರೆಗೂ ಬಂದರೆ? ಕೆಲಸದ ಜಾಗ ಮಾಡಬಹುದಾದದ್ದು ಇಷ್ಟಿದೆ

ಬಿನ್ನಿಪೇಟೆ: ಸಂಬಳದ ದಿನ ಕುಡಿದು ಬಂದು ಗಾರ್ಮೆಂಟ್ಸ್ ಗೇಟಿನ ಮುಂದೆ ಗಲಾಟೆ ಮಾಡುವ ಗಂಡ. ಶಿಫ್ಟ್ ನಡುವೆ ಹತ್ತಾರು ಸಲ ಫೋನ್ ಮಾಡಿ ಬೈಯುವವನು. ಇಂಥ ಹೊತ್ತಲ್ಲಿ ಸೂಪರ್‌ವೈಸರ್ ಬಾಯಿಂದ ಬರೋದು ಸಾಮಾನ್ಯವಾಗಿ ಒಂದೇ ಮಾತು: 'ಮನೆ ಜಗಳ ಮನೇಲೇ ಬಿಟ್ಟು ಬಾಮ್ಮ.'

ಕಾನೂನು ಹಾಗೆ ಹೇಳುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಹಿಂಸೆ ಕೊಡುವವನು ಆಕೆ ಕೆಲಸ ಮಾಡುವ ಜಾಗಕ್ಕೆ ಕಾಲಿಡದಂತೆ, ಫೋನ್ ಕೂಡ ಮಾಡದಂತೆ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮುರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶದ ಒಂದು ಪ್ರತಿ ಗೇಟಿನ ಸೆಕ್ಯುರಿಟಿ ಹತ್ರ ಇಲ್ಲದಿದ್ದರೆ ಮಾತ್ರ ಅದು ಬರೀ ಕಾಗದ.

ಗಂಡ ಕೆಲಸ ಮಾಡುವ ಕಂಪನಿಗೂ ಇದರಲ್ಲಿ ಪಾಲಿದೆ. ಕೋರ್ಟ್ ಹೇಳಿದ ಜೀವನಾಂಶವನ್ನು ಅವನು ಕೊಡದಿದ್ದರೆ, ಅವನ ಸಂಬಳದಲ್ಲೇ ಹಿಡಿದು ನೇರವಾಗಿ ಹೆಂಡತಿಗೆ ಕೊಡುವಂತೆ ಮಾಲೀಕರಿಗೆ ಆದೇಶಿಸಲು 20ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಇದು ಗೊತ್ತಿರುವವರು ಕಡಿಮೆ.

ದೂರನ್ನು ಆಕೆಯೇ ಕೊಡಬೇಕೆಂದಿಲ್ಲ. ಪಕ್ಕದ ಮಷಿನ್‌ನವರು, ಎಚ್‌ಆರ್, ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆ ಮನಸ್ಸಿಂದ ತಿಳಿಸಿದವರ ಮೇಲೆ ಕೇಸ್ ಬೀಳದು. ಆದರೆ ಆಕೆಯನ್ನು ಮೊದಲು ಕೇಳಲೇಬೇಕು. ಗಂಡನನ್ನು ಆಫೀಸಿಗೆ ಕರೆಸಿ ರಾಜಿ ಪಂಚಾಯ್ತಿ ಮಾಡುವುದಂತೂ ಬೇಡವೇ ಬೇಡ. ಅದರ ಏಟು ರಾತ್ರಿ ಮನೇಲಿ ಬೀಳೋದು ಆಕೆಗೇ. ಫೋನಲ್ಲಿ ಕೇಳಿದವರಿಗೆಲ್ಲ ಶಿಫ್ಟ್ ಟೈಮ್ ಹೇಳದಿರುವುದು, ಸಂಬಳ ಆಕೆಯ ಹೆಸರಿನ ಖಾತೆಗೇ ಹೋಗುವಂತೆ ನೋಡುವುದು, ಕೋರ್ಟಿಗೆ ಹೋದ ದಿನದ ಅಟೆಂಡೆನ್ಸ್ ಬೋನಸ್ ಕಡಿಯದಿರುವುದು: ಇವಕ್ಕೆ ಹೆಚ್ಚು ಖರ್ಚಿಲ್ಲ. ನ್ಯೂಜಿಲೆಂಡ್‌ನಲ್ಲಿ 2019ರಿಂದ ಇಂಥವರಿಗೆ ವರ್ಷಕ್ಕೆ 10 ದಿನ ಸಂಬಳ ಸಹಿತ ರಜೆಯ ಕಾನೂನೇ ಇದೆ. ನಮ್ಮಲ್ಲಿ ಖಾಸಗಿ ಮಾಲೀಕರ ಮೇಲೆ ಅಂಥ ಕಡ್ಡಾಯವಿಲ್ಲ, ಅವರ ಮನಸ್ಸಿಗೆ ಬಿಟ್ಟದ್ದು.

ಕಿರುಕುಳ ಕೆಲಸದ ಜಾಗದಲ್ಲೇ ಆದರೆ ಮಾತ್ರ ಮನಸ್ಸಿನ ಪ್ರಶ್ನೆಯೇ ಇಲ್ಲ. 2013ರ ಕಾಯ್ದೆಯಂತೆ 10 ಜನ ಇರುವ ಕಡೆಯೆಲ್ಲ ಆಂತರಿಕ ಸಮಿತಿ ಕಡ್ಡಾಯ, ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ದೂರು 3 ತಿಂಗಳೊಳಗೆ, ವಿಚಾರಣೆ 90 ದಿನದೊಳಗೆ. ಆ ಅವಧಿಯಲ್ಲಿ ಸಮಿತಿ ಆಕೆಗೆ 3 ತಿಂಗಳವರೆಗೆ ರಜೆ ಶಿಫಾರಸು ಮಾಡಬಹುದು. ಚಿಕ್ಕ ಅಂಗಡಿಯವರು, ಹಳೆ ಬಿನ್ನಿ ಮಿಲ್ ಜಾಗದ ಅಪಾರ್ಟ್‌ಮೆಂಟ್‌ಗಳಿಗೆ ಮನೆಗೆಲಸಕ್ಕೆ ಹೋಗುವವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ನೋಟಿಸ್ ಬೋರ್ಡಿಗಿಂತ ಲೇಡೀಸ್ ಟಾಯ್ಲೆಟ್ ಬಾಗಿಲ ಒಳಬದಿಯಲ್ಲಿ ಅಂಟಿಸಬೇಕಾದ ನಂಬರ್‌ಗಳು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100.